ವೈರ್ ಕತ್ತಿನಲ್ಲೇ ಯಾಕೆ ಕಟ್ ಆಗುತ್ತದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳನ್ನು ಗುಡ್ಡೆ ಹಾಕಿ ನೋಡಿದರೆ ಮುಕ್ಕಾಲು ಪಾಲು ವೈರಿನವೇ. ಬೇರೆಯವನ್ನು ಪಕ್ಕಕ್ಕಿಟ್ಟು ಅವನ್ನೇ ಕೈಗೆತ್ತಿಕೊಂಡಿದ್ದೇನೆ. ಇಯರ್‌ಫೋನ್ ವೈರಿನಲ್ಲಿ ತಪ್ಪು ಮಾಡಿದರೆ ಇಯರ್‌ಫೋನ್ ಹೋಗುತ್ತದೆ, ಗೋಡೆಯ ಸಾಕೆಟ್ಟಿಗೆ ಹೋಗುವ ವೈರಿನಲ್ಲಿ ತಪ್ಪು ಮಾಡಿದರೆ ಜೀವವೇ ಹೋಗಬಹುದು. ಹಾಗಾಗಿ ಒಂದಕ್ಕೆ ಹೇಳಿದ್ದನ್ನು ಇನ್ನೊಂದಕ್ಕೆ ಹಚ್ಚಬೇಡಿ.

ಪ್ರಶ್ನೆ: ಇಯರ್‌ಫೋನಿನ ಒಂದು ಕಡೆ ಕೇಳುತ್ತಿರಲಿಲ್ಲ. ಪಿನ್ ಹತ್ತಿರ ವೈರನ್ನು ಬಗ್ಗಿಸಿ ಹಿಡಿದರೆ ಕೇಳುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಅಲ್ಲೇ ಕತ್ತರಿಸಿ, ಒಳಗಿನ ವೈರುಗಳನ್ನು ಬಣ್ಣಕ್ಕೆ ಬಣ್ಣ ಸೇರಿಸಿ ತಿರುಚಿ ಟೇಪ್ ಹಾಕಿದೆ. ಈಗ ಎರಡೂ ಕಡೆ ಕೇಳುತ್ತಿಲ್ಲ! ನಾನು ಮಾಡಿದ ತಪ್ಪೇನು?

ಉತ್ತರ: ನಿಮ್ಮನ್ನು ಮೋಸ ಮಾಡಿದ್ದು ಆ ಬಣ್ಣ. ಇಯರ್‌ಫೋನಿನ ಒಳಗೆ ಕೆಂಪು, ಹಸಿರು, ತಾಮ್ರದ ಬಣ್ಣದ ಕೂದಲಿನಂಥ ಎಳೆಗಳು ಕಾಣುತ್ತವಲ್ಲ, ಅವು ಬರಿ ತಂತಿ ಅಂದುಕೊಳ್ಳುತ್ತೇವೆ. ಅಲ್ಲ. ಪ್ರತಿ ಎಳೆಗೂ ತೆಳುವಾಗಿ ವಾರ್ನಿಷ್ ಬಳಿದಿರುತ್ತಾರೆ, ಆ ವಾರ್ನಿಷ್ಷೇ ಅದರ ಇನ್ಸುಲೇಷನ್. ತಾಮ್ರದ ಬಣ್ಣದ್ದಕ್ಕೂ ಬಣ್ಣವಿಲ್ಲದ ವಾರ್ನಿಷ್ ಇರುವುದುಂಟು. ನೀವು ಎಷ್ಟು ಬಿಗಿಯಾಗಿ ತಿರುಚಿದರೂ ವಾರ್ನಿಷ್ಷಿಗೆ ವಾರ್ನಿಷ್ ತಾಗುತ್ತದೆ, ತಾಮ್ರಕ್ಕೆ ತಾಮ್ರ ತಾಗುವುದಿಲ್ಲ.

ಅದನ್ನು ತೆಗೆಯುವುದು ಹೀಗೆ. ಸಾಲ್ಡರಿಂಗ್ ಐರನ್ (ಬೆಸುಗೆ ಹಾಕುವ ಬಿಸಿ ಕಡ್ಡಿ) ಚೆನ್ನಾಗಿ ಕಾದ ಮೇಲೆ ಅದರ ತುದಿಯಲ್ಲಿ ಸೋಲ್ಡರ್, ಅಂದರೆ ಬೆಸುಗೆಯ ಮೆತ್ತನೆ ಲೋಹ, ಕರಗಿಸಿ ಒಂದು ಹನಿ ನಿಲ್ಲಿಸಿಕೊಳ್ಳಿ. ವೈರಿನ ತುದಿಯನ್ನು ಆ ಹನಿಯೊಳಗೆ ಇಳಿಸಿ ಎರಡು ಮೂರು ಸೆಕೆಂಡ್ ಹಿಡಿಯಿರಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಸಣ್ಣಗೆ ಹೊಗೆ ಏಳುತ್ತದೆ, ಬಣ್ಣ ಕಪ್ಪಾಗುತ್ತದೆ, ಇದ್ದಕ್ಕಿದ್ದಂತೆ ಸೋಲ್ಡರ್ ವೈರಿನ ಮೇಲೆ ಹತ್ತಿ ತುದಿ ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಗೆ ಅದು ರೆಡಿ. ಆ ಹೊಗೆ ಒಳ್ಳೆಯದಲ್ಲ, ಕಿಟಕಿ ತೆಗೆದಿಟ್ಟು ಮುಖ ಪಕ್ಕಕ್ಕೆ ಮಾಡಿಕೊಳ್ಳಿ. ಲೈಟರ್‌ನಿಂದ ಸುಡುವವರೂ ಇದ್ದಾರೆ. ಇಷ್ಟು ಸಣ್ಣ ಎಳೆ ಬೆಂಕಿಗೆ ಹಿಡಿದರೆ ಕಪ್ಪಾಗಿ ಪುಡಿಪುಡಿಯಾಗುತ್ತದೆ, ನನಗಂತೂ ಅದು ಒಗ್ಗಿಲ್ಲ. ಎಳೆಗಳ ನಡುವೆ ನೂಲಿನಂಥದ್ದು ಕಂಡರೆ ಗಾಬರಿಯಾಗಬೇಡಿ. ಎಳೆದಾಗ ವೈರ್ ಕಿತ್ತು ಬಾರದಿರಲಿ ಅಂತ ಹಾಕಿರುತ್ತಾರೆ, ಅದನ್ನು ಬ್ಲೇಡಿನಿಂದ ಕತ್ತರಿಸಿ ಬಿಡಿ.

ಇನ್ನು ಕತ್ತಿನ ವಿಷಯ, ಅಂದರೆ ವೈರ್ ಪ್ಲಗ್ಗಿಗೆ ಸೇರುವ ಜಾಗದ್ದು. ತಾಮ್ರವನ್ನು ಬಗ್ಗಿಸಿದಷ್ಟೂ ಗಡುಸಾಗುತ್ತದೆ, ಗಡುಸಾದದ್ದು ಮುರಿಯುತ್ತದೆ. ಉದ್ದ ವೈರಿನಲ್ಲಿ ಬಾಗು ಹತ್ತಾರು ಸೆಂಟಿಮೀಟರಿಗೆ ಹಂಚಿಹೋಗುತ್ತದೆ. ಗಟ್ಟಿ ಪ್ಲಗ್ ಮುಗಿದು ಮೆತ್ತನೆ ವೈರ್ ಶುರುವಾಗುವ ಜಾಗದಲ್ಲಿ ಮಾತ್ರ ಎಲ್ಲ ಬಾಗು ಒಂದೇ ಕಡೆ ಬೀಳುತ್ತದೆ. ಎಳೆಗಳು ಒಂದೊಂದಾಗಿ ಹೋಗುತ್ತವೆ, ಕೊನೆಯ ಎರಡು ಎಳೆ ಉಳಿದಿರುವಾಗ ನಿಮಗೆ ಆ ಬಗ್ಗಿಸಿ ಹಿಡಿಯುವ ಆಟ ಶುರುವಾಗುತ್ತದೆ. ಹಾಗಾಗಿ ಪಿನ್ನಿನಿಂದ ಎರಡು ಮೂರು ಸೆಂಟಿಮೀಟರ್ ಮೇಲಕ್ಕೆ ಕತ್ತರಿಸಿ, ಹಳೆ ಪಿನ್ ಬಿಸಾಕಿ, ಮರೆ (ಹಿಂಬದಿಯ ಕವಚ) ತಿರುಗಿಸಿ ಬಿಚ್ಚುವಂಥ ಹೊಸ 3.5 ಮಿಲಿಮೀಟರ್ ಪಿನ್ ಹಾಕಿ. ತುದಿ ಎಡಕಿವಿಗೆ, ನಡುವಿನ ಉಂಗುರ ಬಲಕ್ಕೆ, ಬುಡ ಕಾಮನ್‌ಗೆ, ಅಂದರೆ ಎರಡೂ ಕಿವಿಗೆ ಸೇರಿದ ವೈರಿಗೆ. ಮೈಕ್ ಇರುವ ಪಿನ್ನಿನಲ್ಲಿ ನಾಲ್ಕು ಭಾಗ ಇರುತ್ತವೆ. ಈಗಿನ ಫೋನುಗಳಲ್ಲಿ ಸಾಮಾನ್ಯವಾಗಿ ತುದಿಯಿಂದ ಎಡ, ಬಲ, ಕಾಮನ್, ಮೈಕ್. ಕೆಂಪು ಹೆಚ್ಚಾಗಿ ಬಲಗಡೆಯದು, ಹಸಿರು ಅಥವಾ ನೀಲಿ ಎಡಗಡೆಯದು. ಆದರೂ ನಂಬಬೇಡಿ. ಮಲ್ಟಿಮೀಟರನ್ನು ಓಮ್‌ಗೆ (ತಡೆ ಅಳೆಯುವ ಕಡೆಗೆ) ಇಟ್ಟು ಕಾಮನ್‌ಗೂ ಒಂದು ಕಡೆಯ ವೈರಿಗೂ ತಾಗಿಸಿದರೆ ಆ ಕಡೆಯ ಕಿವಿಯಲ್ಲಿ 'ಟಿಕ್' ಅನ್ನುತ್ತದೆ, ಮೀಟರಿನಲ್ಲಿ 16 ಅಥವಾ 32 ಓಮ್ ಆಸುಪಾಸು ತೋರಿಸುತ್ತದೆ. ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಬೆಸುಗೆ ಹಾಕುವ ಮೊದಲು ಪಿನ್ನಿನ ಮರೆಯನ್ನು ವೈರಿಗೆ ಪೋಣಿಸಿಕೊಳ್ಳಿ. ಇದನ್ನು ಬೇಕಂತಲೇ ಕೊನೆಗೆ ಬರೆದೆ. ನಾನೂ ಪ್ರತಿ ಸಲ ಕೊನೆಗೇ ನೆನಪು ಮಾಡಿಕೊಳ್ಳುವುದು.

ಪ್ರಶ್ನೆ: ಸೋಲ್ಡರ್ ಹತ್ತುವುದೇ ಇಲ್ಲ. ಗೋಲಿಯಾಗಿ ಉರುಳಿ ಬೀಳುತ್ತದೆ. ಐರನ್ ಹೊಸದು, ಸೋಲ್ಡರ್ ಹೊಸದು. ವೈರ್ ಮಾತ್ರ ಹಳೇ ಟಾರ್ಚಿನದು.

ಉತ್ತರ: ಹಳೇ ವೈರಿನ ತಾಮ್ರ ಕಪ್ಪಾಗಿರುತ್ತದೆ. ಕಪ್ಪಾದ ತಾಮ್ರಕ್ಕೆ ಸೋಲ್ಡರ್ ಹತ್ತುವುದಿಲ್ಲ. ಸಿಪ್ಪೆ ಇನ್ನಷ್ಟು ಸುಲಿದು ನೋಡಿ, ಒಳಗೆ ಕೆಂಪಗೆ ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸುತ್ತಾ ಹೋಗಿ. ಅಷ್ಟು ಉದ್ದ ಇಲ್ಲವಾದರೆ ಬ್ಲೇಡಿನಿಂದ ಮೆತ್ತಗೆ ಹೆರೆದು ಫ್ಲಕ್ಸ್ (ಸೋಲ್ಡರ್ ಹತ್ತಲು ನೆರವಾಗುವ ಅಂಟು) ಹಚ್ಚಿ.

ಎರಡನೇ ಕಾರಣ ನಿಮ್ಮ ಕೈ. ಐರನ್ ಮೇಲೆ ಸೋಲ್ಡರ್ ಕರಗಿಸಿ ಅದನ್ನು ತಂದು ವೈರಿಗೆ ಮೆತ್ತುತ್ತಿದ್ದೀರಿ, ಸರೀನಾ? ತಣ್ಣಗಿನ ವೈರಿಗೆ ತಾಗಿದ ಕೂಡಲೇ ಅದು ಗಟ್ಟಿಯಾಗುತ್ತದೆ. ಸೋಲ್ಡರಿನೊಳಗಿನ ಫ್ಲಕ್ಸೂ ಬರುವ ದಾರಿಯಲ್ಲೇ ಹೊಗೆಯಾಗಿ ಹೋಗಿರುತ್ತದೆ. ಐರನ್ ಕೆಳಗಿನಿಂದ ವೈರಿಗೆ ತಾಗಿಸಿ, ಸೋಲ್ಡರನ್ನು ಮೇಲಿನಿಂದ ವೈರಿಗೆ ಹಿಡಿಯಿರಿ, ಐರನ್‌ಗಲ್ಲ. ವೈರ್ ಕಾದಾಗ ಸೋಲ್ಡರ್ ತಾನಾಗಿ ಎಳೆಗಳ ಸಂದಿಗೆ ನೀರು ಹೀರಿದ ಹಾಗೆ ಇಳಿಯುತ್ತದೆ. ಹೊರಗಿನಿಂದ ಎಳೆಗಳ ಆಕಾರ ಇನ್ನೂ ಕಾಣುತ್ತಿರಬೇಕು. ಉಂಡೆ ಕಂಡರೆ ಅದು ಕಚ್ಚಿಲ್ಲ ಅಂತಲೇ ಅರ್ಥ. (ಇಯರ್‌ಫೋನಿಗೆ ಹನಿ ಮಾಡಿ ಅದ್ದಿ ಅಂದಿದ್ದು ವಾರ್ನಿಷ್ ಸುಡಲಿಕ್ಕೆ ಮಾತ್ರ. ಜೋಡಿಸುವಾಗ ಅಲ್ಲೂ ಇದೇ ಕ್ರಮ.)

ಸೀಸ ಇರುವ 63/37 (63 ಪಾಲು ತವರ, 37 ಪಾಲು ಸೀಸ) ಸೋಲ್ಡರ್ 183 ಡಿಗ್ರಿಗೆ ಕರಗುತ್ತದೆ, ಸೀಸ ಇಲ್ಲದ್ದಕ್ಕೆ ಸುಮಾರು 217 ಡಿಗ್ರಿಯಾದರೂ ಬೇಕು. ಹೊಸಬರಿಗೆ ಮೊದಲನೆಯದು ಸುಲಭ, ಕೆಲಸ ಮುಗಿದ ಮೇಲೆ ಕೈ ತೊಳೆಯುವುದನ್ನು ಮಾತ್ರ ಮರೆಯಬೇಡಿ. ಅಷ್ಟು ಮಾಡಿದರೂ ಹತ್ತದಿದ್ದರೆ ವೈರಿನ ತುದಿಯನ್ನು ಹೆರೆದು ನೋಡಿ. ಮೇಲೆ ಬೆಳ್ಳಿ ಬಣ್ಣ, ಹೆರೆದರೆ ಒಳಗೆ ಕೆಂಪು ಬಂದರೆ ತವರ ಬಳಿದ ತಾಮ್ರ, ಒಳ್ಳೆಯ ವೈರ್. ಮೇಲೆ ಕೆಂಪಿದ್ದು ಹೆರೆದಾಗ ಬೆಳ್ಳಗೆ ಬಂದರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಅಗ್ಗದ ವೈರುಗಳಲ್ಲಿ ಇದೇ ಜಾಸ್ತಿ. ಅದರ ಜೊತೆ ಗುದ್ದಾಡಬೇಡಿ, ವೈರನ್ನೇ ಬದಲಿಸಿ.

ಪ್ರಶ್ನೆ: ಇಸ್ತ್ರಿ ಪೆಟ್ಟಿಗೆಯ ವೈರ್ ನಡುವೆ ಸುಟ್ಟು ಕಟ್ ಆಗಿತ್ತು. ಕತ್ತರಿಸಿ, ತಿರುಚಿ, ದಪ್ಪಗೆ ಇನ್ಸುಲೇಷನ್ ಟೇಪ್ ಸುತ್ತಿದ್ದೇನೆ. ಆರು ತಿಂಗಳಿಂದ ಚೆನ್ನಾಗಿಯೇ ಇದೆ, ಆದರೆ ಈಗ ಆ ಜಾಗ ಕೈಗೆ ಬಿಸಿ ಹತ್ತುತ್ತದೆ. ಇನ್ನೆರಡು ಸುತ್ತು ಟೇಪ್ ಹಾಕಿದರೆ ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ. ಇವತ್ತಿನಿಂದ ಆ ಪೆಟ್ಟಿಗೆಯನ್ನು ಪ್ಲಗ್ಗಿಗೆ ಹಾಕಬೇಡಿ.

ಒಂದು ಸಣ್ಣ ಲೆಕ್ಕ ನೋಡಿ. 1000 ವ್ಯಾಟಿನ ಪೆಟ್ಟಿಗೆ 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ತಿರುಚಿದ ಜೋಡಣೆ ಸಡಿಲಾಗಿ ಅಲ್ಲಿ ಬರೀ ಒಂದು ಓಮ್ ತಡೆ ಬಂದಿದೆ ಅಂದುಕೊಳ್ಳಿ. ಆ ಬೆರಳಿನಷ್ಟು ಜಾಗದಲ್ಲಿ ಹುಟ್ಟುವ ಶಾಖ ಸುಮಾರು 19 ವ್ಯಾಟ್. ಬೆಸುಗೆ ಹಾಕುವ ಸಣ್ಣ ಐರನ್ನೇ 25 ವ್ಯಾಟಿನದು! ಅಂದರೆ ನೀವು ಟೇಪಿನೊಳಗೆ ಒಂದು ಸಾಲ್ಡರಿಂಗ್ ಐರನ್ ಸುತ್ತಿಟ್ಟುಕೊಂಡು ಬಟ್ಟೆಯ ಪಕ್ಕ ಕೂತಿದ್ದೀರಿ. ಮೇಲೆ ಇನ್ನಷ್ಟು ಟೇಪ್ ಸುತ್ತಿದರೆ ಶಾಖ ಹೊರಗೆ ಹೋಗಲಿಕ್ಕೂ ದಾರಿಯಿಲ್ಲ. ಬಿಸಿಗೆ ತಾಮ್ರ ಕಪ್ಪಾಗುತ್ತದೆ, ಕಪ್ಪಾದಷ್ಟೂ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದಷ್ಟೂ ಇನ್ನೂ ಬಿಸಿ. ಆರು ತಿಂಗಳು ಚೆನ್ನಾಗಿತ್ತು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟು ದಿನವೂ ಅದು ಕೆಡುತ್ತಲೇ ಇತ್ತು.

ಗೋಡೆಯ ಕರೆಂಟಿನ ವೈರನ್ನು ನಡುವೆ ಜೋಡಿಸುವುದೇ ಬೇಡ, ಬೆಸುಗೆ ಹಾಕಿಯೂ ಬೇಡ. ಕಟ್ ಆಗಿದ್ದು ಪ್ಲಗ್ ಹತ್ತಿರವಾದರೆ ಆ ತುಂಡನ್ನು ತೆಗೆದು, ವೈರ್ ಸ್ವಲ್ಪ ಗಿಡ್ಡವಾದರೂ ಪರವಾಗಿಲ್ಲ ಅಂತ ಹೊಸ ಪ್ಲಗ್ ಹಾಕಿ. ನಿಮ್ಮದು ನಡುವೆ ಹೋಗಿದೆ, ಇಡೀ ವೈರ್ ಹೊಸದೇ ಆಗಬೇಕು. ಇಸ್ತ್ರಿ ಪೆಟ್ಟಿಗೆಗೆ ಮೇಲೆ ನೂಲು ಹೆಣೆದ, ಬಿಸಿ ತಡೆಯುವ ಮೂರೆಳೆಯ ವೈರ್ ಬರುತ್ತದೆ, ಅದೇ ಇರಲಿ. ಸಾಧಾರಣ ಪಿವಿಸಿ ವೈರ್ 70 ಡಿಗ್ರಿ ತನಕದ್ದು, ಬಿಸಿ ಪೆಟ್ಟಿಗೆಗೆ ತಾಗಿದರೆ ಕರಗುತ್ತದೆ.

ಹಾಕುವಾಗ ಎರಡು ವಿಷಯ. ಪ್ಲಗ್ಗಿನೊಳಗೆ ಹಸಿರು ಅಥವಾ ಹಸಿರು-ಹಳದಿ ಅರ್ಥ್ ವೈರನ್ನು ಉಳಿದ ಎರಡಕ್ಕಿಂತ ಒಂದಿಷ್ಟು ಉದ್ದ ಬಿಡಿ. ಯಾರಾದರೂ ಜಗ್ಗಿದಾಗ ಕೊನೆಗೆ ಕಿತ್ತುಬರುವುದು ಅದೇ ಆಗಿರಬೇಕು. ಇನ್ನೊಂದು, ಸ್ಕ್ರೂ ಅಡಿಗೆ ಹೋಗುವ ಎಳೆಗಳಿಗೆ ಸೋಲ್ಡರ್ ಹಾಕಬೇಡಿ. ಅಚ್ಚುಕಟ್ಟಾಗಿ ಕಾಣುತ್ತದೆ ಅಂತ ಬಹಳ ಜನ ಹಾಕುತ್ತಾರೆ. ಸೋಲ್ಡರ್ ಮೆತ್ತನೆ ಲೋಹ, ಸ್ಕ್ರೂ ಒತ್ತಡಕ್ಕೆ ದಿನಗಳೆದಂತೆ ಹಿಂದೆ ಸರಿಯುತ್ತದೆ, ಸ್ಕ್ರೂ ಲೂಸಾಗುತ್ತದೆ, ಮತ್ತೆ ಅದೇ ಬಿಸಿಯ ಕಥೆ. ಬರಿ ಎಳೆಗಳನ್ನೇ ತಿರುಚಿ, ಸ್ಕ್ರೂ ಬಿಗಿಯುವ ದಿಕ್ಕಿಗೆ ಸುತ್ತಿ ಬಿಗಿಯಿರಿ. ಒಂದು ಎಳೆಯೂ ಹೊರಗೆ ಇಣುಕಬಾರದು.

ಮುಗಿದ ಮೇಲೆ ಸಾಕೆಟ್ಟಿಗೆ ಹಾಕುವ ಮುಂಚೆ ಮಲ್ಟಿಮೀಟರನ್ನು ಬೀಪಿಗೆ (ದಾರಿ ಪೂರ್ತಿ ಇದ್ದರೆ ಸದ್ದು ಮಾಡುವ ಕಡೆಗೆ) ಇಟ್ಟು ಹಿಡಿಯಿರಿ. ಅರ್ಥ್ ಪಿನ್ನಿನಿಂದ ಪೆಟ್ಟಿಗೆಯ ಲೋಹಕ್ಕೆ ಬೀಪ್ ಬರಬೇಕು. ಉಳಿದ ಎರಡು ಪಿನ್ನಿನಿಂದ ಲೋಹಕ್ಕೆ ಏನೂ ಬರಬಾರದು. ಆ ಎರಡರ ನಡುವೆ, ಮೀಟರನ್ನು ಓಮ್‌ಗೆ ಇಟ್ಟು, ಬಿಸಿಯ ಗುಂಡಿಯನ್ನು ತಿರುಗಿಸಿಟ್ಟಾಗ, 1000 ವ್ಯಾಟಿನದಾದರೆ 50 ಓಮ್ ಆಸುಪಾಸು ತೋರಿಸುತ್ತದೆ. ಇದರಲ್ಲಿ ಒಂದು ತಪ್ಪಿದರೂ, ಅಥವಾ ಇದನ್ನು ಓದುತ್ತಾ ಒಂದು ಕಡೆ ಅನುಮಾನ ಬಂದರೂ, ಗೊತ್ತಿರುವವರ ಕೈಗೆ ಕೊಟ್ಟುಬಿಡಿ.

ಪ್ರಶ್ನೆ: ಚಾರ್ಜಿಂಗ್ ಕೇಬಲ್ ರಿಪೇರಿ ಮಾಡಬಹುದಾ, ಅಥವಾ ಸುಮ್ನೆ ಟೈಮ್ ವೇಸ್ಟಾ?

ಉತ್ತರ: ಎಲ್ಲಿ ಕಟ್ ಆಗಿದೆ ಅನ್ನುವುದರ ಮೇಲೆ. ನಡುವೆ ಬೆಕ್ಕೋ ಇಲಿಯೋ ಕಡಿದಿದ್ದರೆ ಮಾಡಿ. ಹಳೇ ನಮೂನೆಯ ಕೇಬಲ್ಲಿನಲ್ಲಿ ನಾಲ್ಕೇ ವೈರ್: ಕೆಂಪು 5 ವೋಲ್ಟ್, ಕಪ್ಪು ನೆಗೆಟಿವ್, ಹಸಿರು ಮತ್ತು ಬಿಳಿ ಡೇಟಾಗೆ. ನಾಲ್ಕನ್ನೂ ಒಂದೇ ಅಳತೆಗೆ ಕತ್ತರಿಸಬೇಡಿ. ಮೆಟ್ಟಿಲಿನ ಹಾಗೆ ಒಂದರಿಂದ ಒಂದು ಗಿಡ್ಡ ಮಾಡಿ, ಆ ಕಡೆಯದನ್ನು ಅದಕ್ಕೆ ಹೊಂದುವಂತೆ ತಿರುಗಾಮುರುಗಾ ಮಾಡಿ. ಆಗ ಒಂದರ ಜೋಡಣೆಯ ಪಕ್ಕ ಇನ್ನೊಂದರ ಸಿಪ್ಪೆ ಬರುತ್ತದೆ, ಶಾರ್ಟ್ ಆಗುವ ಮಾತಿಲ್ಲ, ಗಂಟೂ ದಪ್ಪವಾಗುವುದಿಲ್ಲ. ಪ್ರತಿ ವೈರಿಗೂ ಸಣ್ಣ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿಗೆ ಮುದುಡಿ ಬಿಗಿಯಾಗುವ ಕೊಳವೆ), ಎಲ್ಲಕ್ಕೂ ಸೇರಿ ಮೇಲೊಂದು ದೊಡ್ಡದು, ಎರಡನ್ನೂ ಬೆಸುಗೆಗೆ ಮುಂಚೆಯೇ ಪೋಣಿಸಿ ದೂರ ಸರಿಸಿಡಬೇಕು. ಹತ್ತಿರವಿದ್ದರೆ ಐರನ್ ಬಿಸಿಗೆ ಅಲ್ಲೇ ಮುದುಡಿಕೊಂಡು ಕೂರುತ್ತದೆ, ಆಮೇಲೆ ಒಂದು ಇಂಚೂ ಜರುಗುವುದಿಲ್ಲ.

ಫೋನಿಗೆ ಚುಚ್ಚುವ ತುದಿಯ ಕತ್ತಿನಲ್ಲೇ ಕಟ್ ಆಗಿದ್ದರೆ ಹೊಸದು ತನ್ನಿ. ಟೈಪ್-ಸಿ ತುದಿಗೆ ಮನೆಯಲ್ಲಿ ಬೆಸುಗೆ ಹಾಕುವುದು ಸೂಜಿಯ ಮೇಲೆ ಅಕ್ಷರ ಬರೆದಂತೆ. ಎರಡೂ ಕಡೆ ಟೈಪ್-ಸಿ ಇದ್ದು ಲ್ಯಾಪ್‌ಟಾಪಿಗೆ ಹೆಚ್ಚು ಪವರ್ ಕೊಡುವ ಕೇಬಲ್ ಆದರೆ ತುದಿಯೊಳಗೆ ಸಣ್ಣ ಚಿಪ್ಪೂ ಇರುತ್ತದೆ, ಅದನ್ನು ಮುಟ್ಟಲೇಬೇಡಿ. ತುದಿ ಕಂದು ಬಣ್ಣಕ್ಕೆ ತಿರುಗಿದ್ದರಂತೂ ಎರಡನೇ ಯೋಚನೆ ಬೇಡ.

ಜೋಡಿಸಿದ ಮೇಲೆ ಚಾರ್ಜ್ ನಿಧಾನ ಆದರೆ ಬೆಸುಗೆ ಸರಿಯಿಲ್ಲ ಅಂತ. 2 ಆಂಪಿಯರ್ ಹರಿಯುವಾಗ ಅರ್ಧ ಓಮ್ ತಡೆ ಸಾಕು, 5 ವೋಲ್ಟಿನಲ್ಲಿ 1 ವೋಲ್ಟ್ ದಾರಿಯಲ್ಲೇ ಹೋಗುತ್ತದೆ.

ಪ್ರಶ್ನೆ: ರೌಟರ್ ಅಡಾಪ್ಟರಿನ ವೈರ್ ತುಂಡಾಗಿದೆ. ಎರಡೂ ವೈರ್ ಕಪ್ಪು. ಯಾವುದು ಪ್ಲಸ್?

ಉತ್ತರ: ಹತ್ತಿರದಿಂದ ನೋಡಿ, ಒಂದರ ಮೇಲೆ ಬಿಳಿ ಗೆರೆ ಅಥವಾ ಅಕ್ಷರಗಳು ಇರಬಹುದು. ಗೆರೆ ಇರುವುದು ಸಾಮಾನ್ಯವಾಗಿ ಪ್ಲಸ್. "ಸಾಮಾನ್ಯವಾಗಿ" ಅಂತ ಬೇಕೆಂದೇ ಬರೆದಿದ್ದೇನೆ. ಎರಡು ತುಂಡೂ ಒಂದೇ ವೈರಿನವಾದರೆ ಗೆರೆಯಿದ್ದದ್ದನ್ನು ಗೆರೆಯಿದ್ದದ್ದಕ್ಕೆ ಸೇರಿಸಿ, ಅಲ್ಲಿಗೆ ಮುಗಿಯಿತು. ಬೇರೆ ಪಿನ್ ಹಾಕುವುದಾದರೆ ಅಡಾಪ್ಟರಿನ ಮೇಲೆ ಸಣ್ಣ ಚಿತ್ರ ಇರುತ್ತದೆ, ನಡುವೆ ಚುಕ್ಕಿ, ಸುತ್ತ ಅರ್ಧ ಉಂಗುರ. ಚುಕ್ಕಿಗೆ ಪ್ಲಸ್ ಗುರುತು ಸೇರಿದ್ದರೆ ಪಿನ್ನಿನ ಒಳಗಡೆ ಪ್ಲಸ್. ಬಹಳಷ್ಟು ಸಾಮಾನುಗಳಲ್ಲಿ ಹೀಗೇ, ಗಿಟಾರ್ ಪೆಡಲ್‌ಗಳಲ್ಲಿ ಮಾತ್ರ ಹೆಚ್ಚಾಗಿ ಉಲ್ಟಾ. ಕೊನೆಗೆ ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ನೋಡಿ, ಅಂಕಿಯ ಮುಂದೆ ಮೈನಸ್ ಬಂದರೆ ಮೀಟರಿನ ಕಡ್ಡಿಗಳು ಅದಲು ಬದಲಾಗಿವೆ, ಕೆಂಪು ಕಡ್ಡಿ ಮೈನಸ್ ವೈರಿನ ಮೇಲಿದೆ ಅಂತ.

ಬೇರೆ ಅಡಾಪ್ಟರ್ ಹಾಕುವ ಯೋಚನೆ ಇದ್ದರೆ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಜಾಸ್ತಿ ಇದ್ದರೆ ತೊಂದರೆಯಿಲ್ಲ. ಅಡಾಪ್ಟರಿನ ಡಬ್ಬಿ ಒಡೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ (ಕರೆಂಟ್ ಕೂಡಿಟ್ಟುಕೊಳ್ಳುವ ಭಾಗ) ಸುಮಾರು 325 ವೋಲ್ಟ್ ಕೂತಿರಬಹುದು.

ಪ್ರಶ್ನೆ: ಮಕ್ಕಳ ಆಟದ ಕಾರಿನ ಬ್ಯಾಟರಿ ಜಾಗದಲ್ಲಿ ಬಿಳಿ ಹಿಟ್ಟು, ವೈರ್ ಹಸಿರಾಗಿದೆ. ಹೊಸ ಬ್ಯಾಟರಿ ಹಾಕಿದರೂ ಓಡುತ್ತಿಲ್ಲ.

ಉತ್ತರ: ಹಳೇ ಬ್ಯಾಟರಿ ಸೋರಿದೆ. ಆಲ್ಕಲೈನ್ ಬ್ಯಾಟರಿಯಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಬರಿಗೈಯಲ್ಲಿ ಮುಟ್ಟಬೇಡಿ. ಹತ್ತಿಯಲ್ಲಿ ಸ್ವಲ್ಪ ವಿನೆಗರ್ ತೊಯ್ದು ಒರೆಸಿ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಪೂರ್ತಿ ಒಣಗಿಸಿ. ಸ್ಪ್ರಿಂಗ್ ಹೊಳೆದರೂ ಕಾರು ಓಡದಿದ್ದರೆ ವೈರನ್ನು ಮೆಲ್ಲಗೆ ಎಳೆದು ನೋಡಿ. ಆ ಹಸಿರು ಸಿಪ್ಪೆಯ ಒಳಗೆ ಮೇಲಕ್ಕೆ ಹತ್ತಿಕೊಂಡು ಹೋಗಿರುತ್ತದೆ, ಎಷ್ಟೋ ಸಲ ಹೊರಗೆ ಸಿಪ್ಪೆ ಗಟ್ಟಿಯಾಗೇ ಇದ್ದು ಒಳಗೆ ತಂತಿಯೇ ಇರುವುದಿಲ್ಲ. ಆ ವೈರನ್ನು ಪೂರ್ತಿ ಬದಲಿಸಿ. ಸ್ಪ್ರಿಂಗಿಗೆ ಬೆಸುಗೆ ಹಾಕುವಾಗ ಬೇಗ ಮುಗಿಸಿ, ಹಿಂದಿರುವುದು ಪ್ಲಾಸ್ಟಿಕ್.

ಪ್ರಶ್ನೆ: ಟೇಬಲ್ ಲ್ಯಾಂಪ್ ಉರಿಯುತ್ತಿಲ್ಲ. ಟೆಸ್ಟರ್ ಇಟ್ಟರೆ ಹೋಲ್ಡರಿನ ಎರಡೂ ಕಡೆ ಬೆಳಗುತ್ತದೆ. ಎರಡೂ ಕಡೆ ಕರೆಂಟ್ ಇದ್ದ ಮೇಲೆ ಬಲ್ಬ್ ಯಾಕೆ ಉರಿಯುವುದಿಲ್ಲ?

ಉತ್ತರ: ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರ್ ಕಟ್ ಆಗಿದೆ. ಫೇಸ್ (ಕರೆಂಟ್ ತರುವ ವೈರ್) ಕಡೆಯ ಕರೆಂಟ್ ಬಲ್ಬಿನ ಮೂಲಕ ದಾಟಿ ಆ ಕಡೆಗೂ ಬಂದು ನಿಂತಿದೆ, ವಾಪಸ್ ಹೋಗಲು ದಾರಿಯಿಲ್ಲ. ಲ್ಯಾಂಪ್ ಉರಿಯುತ್ತಿಲ್ಲ, ಹಾಗಾಗಿ ಕರೆಂಟ್ ಇಲ್ಲ ಅಂತ ಕೈ ಹಾಕಿದರೆ ಶಾಕ್ ಹೊಡೆಯುವುದು ಇಂಥ ಕಡೆಯೇ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ. ಆಮೇಲೆ ಮೀಟರಿನ ಬೀಪಿನಲ್ಲಿ ಪ್ಲಗ್ಗಿನಿಂದ ಹೋಲ್ಡರ್ ತನಕ ಒಂದೊಂದೇ ವೈರ್ ನೋಡಿ, ನೋಡುವಾಗ ಎರಡೂ ತುದಿಯ ಕತ್ತನ್ನು ಅಲ್ಲಾಡಿಸಿ. ಕಟ್ ಆದ ಕಡೆ ಗಿಡ್ಡ ಮಾಡಿ ಹಾಕುವಾಗ ಹೋಲ್ಡರಿನ ಮುಚ್ಚಳದೊಳಗೆ ಎರಡು ವೈರನ್ನು ಒಂದಕ್ಕೊಂದು ಹೆಣೆದು ಗಂಟು ಹಾಕಿ. ಜಗ್ಗಿದಾಗ ಭಾರ ಗಂಟಿನ ಮೇಲೆ ಬೀಳುತ್ತದೆ, ಸ್ಕ್ರೂಗಳ ಮೇಲಲ್ಲ.

ಪ್ರಶ್ನೆ: ವೈರಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿಯುವ ಅಭ್ಯಾಸ ನನ್ನದು. ಮನೆಯವರು ಬೈಯುತ್ತಾರೆ.

ಉತ್ತರ: ನಾನೂ ಬೈಯುತ್ತೇನೆ. ಹಲ್ಲಿನ ವಿಷಯ ಹಾಗಿರಲಿ, ಎಳೆದಾಗ ನಾಲ್ಕೈದು ಎಳೆ ಸಿಪ್ಪೆಯ ಜೊತೆಗೇ ಬಾಯಿಗೆ ಬರುತ್ತವೆ, ವೈರ್ ಅಲ್ಲೇ ಸಣ್ಣವಾಗುತ್ತದೆ. ಸ್ಟ್ರಿಪ್ಪರ್ ಇಲ್ಲದಿದ್ದರೆ ಬಿಸಿ ಐರನ್ ತುದಿಯನ್ನು ಸಿಪ್ಪೆಯ ಸುತ್ತ ಒಂದು ಸುತ್ತು ತಿರುಗಿಸಿ ಎಳೆಯಿರಿ, ಕಾಲುಚೀಲದ ಹಾಗೆ ಕಳಚಿ ಬರುತ್ತದೆ. ಐರನ್ ತುದಿಯನ್ನು ಆಮೇಲೆ ಒರೆಸಿ.

ಪ್ರಶ್ನೆ: ಹಳೇ ವೈರುಗಳಿಂದ ಒಂದು ಡಬ್ಬಿ ತುಂಬಿದೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಸಾಕಲಿ?

ಉತ್ತರ: ಕೆಲಸ ಮಾಡುವ ಅಡಾಪ್ಟರುಗಳನ್ನು ವೋಲ್ಟ್ ಬರೆದು ಚೀಟಿ ಅಂಟಿಸಿ ಇಟ್ಟುಕೊಳ್ಳಿ. ಇಯರ್‌ಫೋನ್ ವೈರ್ ಬೇಡ, ಅದರಿಂದ ಇನ್ನೇನೂ ಮಾಡಲಾಗುವುದಿಲ್ಲ. ಕೆಟ್ಟ ಯುಎಸ್‌ಬಿ ಕೇಬಲ್ಲಿನ ದೊಡ್ಡ ತುದಿ ಚೆನ್ನಾಗಿದ್ದರೆ ಒಂದು ಮೊಳ ಉಳಿಸಿಕೊಳ್ಳಿ, ಯಾವತ್ತಾದರೂ 5 ವೋಲ್ಟಿನ ಫ್ಯಾನಿಗೋ ದೀಪಕ್ಕೋ ಆಗುತ್ತದೆ. ಉಳಿದದ್ದನ್ನು ಎರಡೇ ಸುತ್ತಿನಲ್ಲಿ ಸಡಿಲವಾಗಿ ಸುತ್ತಿಡಿ, ಅಡಾಪ್ಟರಿನ ಹೊಟ್ಟೆಗೆ ಬಿಗಿಯಾಗಿ ಸುತ್ತುವುದನ್ನು ಬಿಡಿ, ಕತ್ತು ಮುರಿಯುವುದು ಅಲ್ಲೇ. ಇಸ್ತ್ರಿ ಪೆಟ್ಟಿಗೆಯ ಆ ಸುಟ್ಟ ವೈರಿನಂಥದ್ದು ಸಿಕ್ಕಿದರೆ ಮಾತ್ರ ಹಾಗೇ ಬಿಸಾಕಬೇಡಿ. ಪ್ಲಗ್ಗಿನ ಬುಡಕ್ಕೆ ಕತ್ತರಿಸಿ, ವೈರನ್ನೂ ನಾಲ್ಕು ತುಂಡು ಮಾಡಿ ಬಿಸಾಕಿ. ಇಲ್ಲವಾದರೆ ಯಾರೋ ಎತ್ತಿಕೊಂಡು ಹೋಗಿ ಟೇಪ್ ಸುತ್ತುತ್ತಾರೆ.